ಮುಪ್ಪಿನ ಮೊಳಕಾಲು

ರಬಕವಿ-ಬನಹಟ್ಟಿಯ ಕುಣಿಮಗ್ಗದಲ್ಲಿ ಆಯುಷ್ಯವನ್ನೆಲ್ಲ ಸವೆಸಿದ ನೇಕಾರನಾಗಲಿ, ಜಮಖಂಡಿಯ ಸುತ್ತಣ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದ ಮುದುಕಿಯಾಗಲಿ, ಎಪ್ಪತ್ತು ದಾಟಿದ ಮೇಲೆ ಗೋಡೆ ಹಿಡಿದು ಏಳುವಂತಾದಾಗ, ಮನೆಯವರು “ವಯಸ್ಸಾತು, ಇನ್ಯಾಕ ಆಪರೇಶನ್” ಎಂದು ಮಾತು ಮುಗಿಸಿಬಿಡುವುದುಂಟು. ಆ ಮಾತಿನಲ್ಲಿ ಅಕ್ಕರೆಯಿದ್ದರೂ ವಿಚಾರವಿಲ್ಲವೆಂದೇ ನಾನು ಹೇಳುತ್ತೇನೆ.

ಸವೆದ ಮೊಳಕಾಲಿಗೆ ಕೂಡಿಸುವ ಕೃತಕ ಸಂಧಿಯ ಬಾಳಿಕೆಯ ದೃಷ್ಟಿಯಿಂದ ವಾರ್ಧಕ್ಯವು ಅನುಕೂಲವೇ ಸರಿ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಗಣನೆಯಂತೆ, ಪೂರ್ಣವಾಗಿ ಬದಲಿಸಿದ ಮೊಳಕಾಲುಗಳಲ್ಲಿ ಸುಮಾರು ಶೇ. 82ರಷ್ಟು 25 ವರ್ಷ ಬಾಳುತ್ತವೆ. ಎಪ್ಪತ್ತರ ಮೇಲೆ ಮಾಡಿಸಿಕೊಂಡವರಿಗೆ ಉಳಿದ ಜೀವಮಾನದಲ್ಲಿ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾಗುವ ಸಂಭವ ಶೇ. 5ರ ಆಸುಪಾಸು ಮಾತ್ರವೆಂದು 2017ರಲ್ಲಿ ಅದೇ ಪತ್ರಿಕೆ ತಿಳಿಸಿತ್ತು. ಹೃದಯದ ದೌರ್ಬಲ್ಯ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಇವುಗಳನ್ನು ವೈದ್ಯರು ತೂಗಿ ನೋಡತಕ್ಕದ್ದು. ಬರಿಯ ವರ್ಷಗಳ ಎಣಿಕೆಯನ್ನಲ್ಲ. ಹಣದ ಅಡ್ಡಿಯೂ ತಕ್ಕಮಟ್ಟಿಗೆ ತಗ್ಗಿದೆ: ಸರಾಸರಿ ಒಂದೂವರೆ ಲಕ್ಷ ರೂಪಾಯಿಗೆ ಮಾರಾಟವಾಗುತ್ತಿದ್ದ ಕೋಬಾಲ್ಟ್-ಕ್ರೋಮಿಯಂ ಸಂಧಿಗೆ ಕೇಂದ್ರ ಸರಕಾರವು 2017ರ ಆಗಸ್ಟಿನಲ್ಲಿ, ತೆರಿಗೆ ಬಿಟ್ಟು, 54,720 ರೂಪಾಯಿಯ ಮಿತಿ ವಿಧಿಸಿತು.

ಹೀಗಿದ್ದೂ ಐವರಲ್ಲಿ ಒಬ್ಬರಷ್ಟು ರೋಗಿಗಳು ಅತೃಪ್ತರಾಗಿಯೇ ಉಳಿಯುವರೆಂಬುದು ಪಾಶ್ಚಾತ್ಯ ದೇಶಗಳ ಅನುಭವ. ಇದಕ್ಕೆ ಕಾರಣಗಳು ಹಲವಾದರೂ, ಅತಿಯಾದ ನಿರೀಕ್ಷೆ ಅವುಗಳಲ್ಲಿ ಮುಖ್ಯವಾದುದು. ಸವೆದ ಎಲುಬಿನ ತುದಿಗಳನ್ನು ಕೊರೆದು ಲೋಹವನ್ನೂ ನಡುವೆ ಪಾಲಿಥಿಲೀನನ್ನೂ ಕೂಡಿಸುವ ಶಸ್ತ್ರವೈದ್ಯನು ನೋವನ್ನು ಕಳೆಯಬಲ್ಲನು; ಆದರೆ ಹೊಸ ಸಂಧಿಯು ಸಾಮಾನ್ಯವಾಗಿ 110ರಿಂದ 120 ಅಂಶದವರೆಗೆ ಮಡಚುವುದರಿಂದ, ಅದಕ್ಕಿಂತ ಹೆಚ್ಚು ಮಡಚಬೇಕಾದ ಕುಕ್ಕರಗಾಲಿನ ಕುಳಿತುಕೊಳ್ಳುವಿಕೆ ಬಹುಮಂದಿಗೆ ಮರಳಿ ಬಾರದು. ವರ್ಷಗಟ್ಟಲೆ ನೋವಿನಿಂದ ಬಡವಾದ ತೊಡೆಯ ಸ್ನಾಯುವಿಗೆ ಬಲ ತುಂಬತಕ್ಕದ್ದು ವ್ಯಾಯಾಮವೊಂದೇ. ಹಿಮ್ಮಡಿಯ ಕೆಳಗೆ ಟಾವೆಲ್ಲಿನ ಸುರುಳಿಯಿಟ್ಟು, ಮೊಳಕಾಲನ್ನು ಹಾಸಿಗೆಯತ್ತ ಒತ್ತಿ ಹಿಡಿಯುವಾಗ ಮುದುಕಿಯ ಕಣ್ಣಲ್ಲಿ ನೀರು ಬರುತ್ತದೆ. ಸೊಸೆ ಮರುಗಿ “ಇರ್ಲಿ ಬಿಡ್ರಿ ಅತ್ತೀ, ನಾಳೆ ಮಾಡೂನಂತ” ಎನ್ನುತ್ತಾಳೆ. ಶಸ್ತ್ರಕ್ರಿಯೆಯ ನಂತರದ ಮೊದಲ ವಾರಗಳಲ್ಲಿ ಹೀಗೆ ಮುಂದೂಡುತ್ತ ಹೋದರೆ ಒಳಗಿನ ಗಾಯ ಗಡುಸಾಗಿ ಕಾಲು ಬಿಗಿಯುತ್ತದೆ. ಆಮೇಲೆ ದೂರು ಮಾತ್ರ ವೈದ್ಯನ ಮೇಲೆ ಬೀಳುತ್ತದೆ.

ಆದಕಾರಣ ಬಾಗಲಕೋಟೆಗೋ ವಿಜಯಪುರಕ್ಕೋ ಮಿರಜಿಗೋ ಹೋಗಿ ತಾರೀಖು ಗೊತ್ತುಮಾಡುವ ಮುನ್ನ, ಮನೆಯಲ್ಲಿ ಕಮೋಡು ಕೂಡಿಸಿರಿ, ಎತ್ತರದ ಮಂಚವನ್ನೂ ಉಣ್ಣಲು ಕುರ್ಚಿಯನ್ನೂ ಅಣಿಮಾಡಿರಿ, ಮತ್ತು ಮೂರು ತಿಂಗಳು ದಿನಾಲು ಹಿರಿಯರ ಮಗ್ಗುಲಲ್ಲಿ ನಿಂತು ವ್ಯಾಯಾಮ ಮಾಡಿಸುವವರು ಯಾರೆಂಬುದನ್ನು ನಿಶ್ಚಯಿಸಿರಿ.