ಗೃಹಸ್ಥರ ಯಂತ್ರವಿಚಾರ: ಜೀಪಿನಲ್ಲಿಯೇ ಗಾಳಿಯ ಏರ್ಪಾಡು

ಕೀಲೆಣ್ಣೆಯನ್ನು ಜೊತೆಗೆ ಕೊಂಡೊಯ್ಯದೆ ನಮ್ಮ ಹಿರಿಯರು ಬಂಡಿ ಕಟ್ಟಿ ದೂರದ ಪಯಣಕ್ಕೆ ಹೊರಡುತ್ತಿರಲಿಲ್ಲ. ಈಗ ಬಂಡಿಯ ಸ್ಥಾನಕ್ಕೆ ಜೀಪು ಬಂದಿದೆ. ಕೀಲೆಣ್ಣೆಯ ಸ್ಥಾನಕ್ಕೆ ಗಾಳಿ ಬಂದಿದೆ. ಪಟ್ಟಣದಲ್ಲಿ ಪೆಟ್ರೋಲ್ ಬಂಕಿಗೆ ಹೋದರೆ ಗಾಳಿ ದೊರೆಯುವುದರಿಂದ ಅದರ ಬೆಲೆ ನಮಗೆ ತಿಳಿಯುವುದಿಲ್ಲ. ಕಚ್ಚಾದಾರಿಗಳಲ್ಲಿ ಸಂಚರಿಸುವವರಿಗೆ ಅದು ಚೆನ್ನಾಗಿ ತಿಳಿಯುತ್ತದೆ. ಆದುದರಿಂದ ವಾಹನದಲ್ಲಿಯೇ ಗಾಳಿಯ ಯಂತ್ರವನ್ನು ಅಳವಡಿಸಿಕೊಳ್ಳುವ ಕ್ರಮವನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ.

ಹನೂರು ತಾಲ್ಲೂಕಿನ ಗೋಪಿನಾಥವನ್ನೇ ತೆಗೆದುಕೊಳ್ಳೋಣ. ಮಲೆ ಮಹದೇಶ್ವರ ಬೆಟ್ಟದಿಂದ ಘಾಟಿಯ ತಿರುವುಗಳನ್ನು ಇಳಿದು, ಪಾಲಾರಿನ ಕಡೆಯಿಂದ ಈ ಗ್ರಾಮವನ್ನು ಸೇರಬೇಕು. ಸುತ್ತಲೂ ಕಾವೇರಿ ವನ್ಯಧಾಮದ ಕಾಡು. ಊರಿನ ಹೆಸರು ಕೇಳಿದೊಡನೆ ಹಲವರಿಗೆ ವೀರಪ್ಪನ್ ನೆನಪಾಗುತ್ತಾನೆ; 1991ನೆಯ ನವೆಂಬರಿನಲ್ಲಿ ಈ ಕಾಡಿನಲ್ಲಿಯೇ ಪ್ರಾಣವನ್ನೊಪ್ಪಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ನೆನೆಯುವುದೇ ಹೆಚ್ಚು ಉಚಿತವೆಂದು ನಾವು ಭಾವಿಸುತ್ತೇವೆ. ಇಂತಹ ಸೀಮೆಯಲ್ಲಿ ಕಲ್ಲುಮಣ್ಣಿನ ದಾರಿಯೂ ಉಂಟು, ಡಾಂಬರಿನ ಘಾಟಿರಸ್ತೆಯೂ ಉಂಟು. ಒಂದೇ ಚಕ್ರ ಎರಡರ ಮೇಲೂ ಓಡಬೇಕು; ತೊಡಕಿರುವುದು ಇಲ್ಲಿಯೇ.

ಡಾಂಬರಿನ ಮೇಲೆ ಚದರಂಗುಲಕ್ಕೆ 30 ಪೌಂಡು ಗಾಳಿಯಿಂದ ಓಡುವ ಟೈರು ಒರಟು ದಾರಿಯಲ್ಲಿ ಪುಟಿಯುತ್ತದೆ, ಹುಡಿಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಅದನ್ನು 18 ಅಥವಾ 20 ಪೌಂಡಿಗೆ ಇಳಿಸಿದರೆ ಟೈರು ಮೆತ್ತಗಾಗಿ ನೆಲವನ್ನು ಹೆಚ್ಚು ಉದ್ದಕ್ಕೆ ಹಿಡಿಯುತ್ತದೆ. ಚೂಪುಗಲ್ಲಿನ ದಾರಿಯಾದರೆ ಇದಕ್ಕಿಂತ ಇಳಿಸಲಾಗದು. ಪಕ್ಕದ ಗೋಡೆ ಸೀಳೀತು. ಇಳಿಸುವುದು ಎರಡು ನಿಮಿಷದ ಕೆಲಸ. ಆದರೆ ಮರಳಿ ಡಾಂಬರಿಗೆ ಬಂದಾಗ ಹಾಗೆಯೇ ವೇಗವಾಗಿ ಓಡಿಸಿದರೆ, ಗಾಳಿ ಸಾಲದ ಟೈರು ಸುತ್ತುಸುತ್ತಿಗೂ ಮಡಿಚಿಕೊಂಡು ಒಳಗೊಳಗೇ ಕಾಯುತ್ತದೆ, ಘಾಟಿಯ ತಿರುವಿನಲ್ಲಿ ಬಂಡಿ ಹಿಡಿತ ತಪ್ಪುತ್ತದೆ, ಟೈರು ಸಿಡಿಯಲೂಬಹುದು. ಒಳಗಿರುವವರು ನಮ್ಮ ಹೆಂಡಿರು ಮಕ್ಕಳೆಂಬುದನ್ನು ಮರೆಯಲಾಗದು. ತುಂಬುವ ಸಾಧನವಿಲ್ಲದವನು ಗಾಳಿಯನ್ನು ಬಿಡಲೇಬಾರದು.

ಈಗ ಲೆಕ್ಕವನ್ನು ನೋಡೋಣ. ಜೀಪಿನ ಒಂದು ಟೈರಿನ ಒಳಗಾತ್ರ ಸುಮಾರು 60 ಲೀಟರೆಂದು ಇಟ್ಟುಕೊಳ್ಳಿ. 18 ಪೌಂಡಿನಿಂದ 30ಕ್ಕೆ ಏರಿಸಲು ಹೊರಗಿನ ಗಾಳಿ ಸುಮಾರು 50 ಲೀಟರು ಬೇಕು. ನಾಲ್ಕಕ್ಕೆ 200 ಲೀಟರು. ನಿಮಿಷಕ್ಕೆ 30 ಲೀಟರು ಗಾಳಿಯನ್ನು ನಿಜವಾಗಿ ಒದಗಿಸುವ ಕಂಪ್ರೆಸರು ಇದನ್ನು ಏಳು ನಿಮಿಷಗಳಲ್ಲಿ ಮುಗಿಸುತ್ತದೆ. ಅಂಗಡಿಯಲ್ಲಿ ಗಾಳಿಯ ತೊಟ್ಟಿಯನ್ನು ತೋರಿಸಿ ಇದೇ ಮುಖ್ಯವೆನ್ನುವವರುಂಟು. 100 ಪೌಂಡಿಗೆ ತುಂಬಿದ 8 ಲೀಟರಿನ ತೊಟ್ಟಿ, 30 ಪೌಂಡಿಗೆ ಇಳಿಯುವಷ್ಟರಲ್ಲಿ ಕೊಡುವುದು ಸುಮಾರು 38 ಲೀಟರು ಮಾತ್ರ. ಒಂದು ಟೈರಿಗೂ ಸಾಲದು. ಧೂಳನ್ನು ಊದಲು, ರಿಮ್ಮಿನಿಂದ ಜಾರಿದ ಟೈರಿನ ಅಂಚನ್ನು ಒಮ್ಮೆಗೇ ಕೂರಿಸಲು ತೊಟ್ಟಿ ಉಪಯುಕ್ತವೇ ಸರಿ. ಆದರೆ ಹಣವಿದ್ದಷ್ಟನ್ನು ಮೊದಲು ಒಳ್ಳೆಯ ಕಂಪ್ರೆಸರಿಗೇ ಹಾಕತಕ್ಕದ್ದು.

ಅಳವಡಿಸುವಾಗ ಮೊದಲು ಸ್ಥಳವನ್ನು ಆರಿಸಬೇಕು. ನೀರು, ಧೂಳು, ಹೊಗೆಕೊಳವೆಯ ಶಾಖ ಇವು ಮೂರೂ ತಾಗದಂತೆ ಎತ್ತರದ ಗಟ್ಟಿ ಜಾಗದಲ್ಲಿ, ಅಲುಗಾಟವನ್ನು ತಾಳುವ ರಬ್ಬರಿನ ಮೆತ್ತೆಯಿಟ್ಟು ಯಂತ್ರವನ್ನು ಬಿಗಿಯಬೇಕು. ಗಾಳಿ ಒಳಹೊಗುವ ಬಾಯಿಗೆ ಶೋಧಕವಿರಲಿ. ಸೈಕಲ್ ಪಂಪನ್ನು ಒತ್ತುವಾಗ ಅದರ ಕೊಳವೆ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಒತ್ತಿದ ಗಾಳಿ ಕಾಯುತ್ತದೆ. ಆದುದರಿಂದ ಯಂತ್ರದಿಂದ ಹೊರಡುವ ಮೊದಲ ಕೊಳವೆಯು ಲೋಹದ ಹೆಣಿಗೆಯದಾಗಿರಬೇಕು. ಯಂತ್ರಕ್ಕೂ ನಡುನಡುವೆ ವಿಶ್ರಾಂತಿ ಕೊಡಬೇಕು.

ಎರಡನೆಯದು ವಿದ್ಯುತ್ತು. ಇಂತಹ ಯಂತ್ರ 12 ವೋಲ್ಟಿನಲ್ಲಿ 30 ಆಂಪಿಯರಿನವರೆಗೆ ಎಳೆಯಬಲ್ಲುದು. ಸಿಗರೇಟು ಹೊತ್ತಿಸುವ ತೂತಿನ ತಂತಿಗೆ ಅಷ್ಟು ಶಕ್ತಿಯಿಲ್ಲ. ಬ್ಯಾಟರಿಯಿಂದಲೇ ನೇರವಾಗಿ 6 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿಯನ್ನೆಳೆದು, ಬ್ಯಾಟರಿಯ ಸಮೀಪದಲ್ಲಿಯೇ 40 ಆಂಪಿಯರಿನ ಫ್ಯೂಸನ್ನಿಟ್ಟು, ಸ್ವಿಚ್ಚನ್ನು ರಿಲೇಯ ಮೂಲಕ ನಡೆಯುವಂತೆ ಮಾಡಿಸಬೇಕು. ಫ್ಯೂಸಿಲ್ಲದ ತಂತಿ ಬಂಡಿಗೆ ಬೆಂಕಿಯಿಟ್ಟಂತೆ. ಗಾಳಿ ತುಂಬುವಾಗ ಇಂಜಿನು ನಡೆಯುತ್ತಿರಲಿ. ಇಲ್ಲವಾದರೆ ಬ್ಯಾಟರಿ ಬರಿದಾಗಿ ಬಂಡಿ ಅಲ್ಲಿಯೇ ನಿಂತೀತು.

ತೊಟ್ಟಿಯನ್ನು ಇಟ್ಟುಕೊಳ್ಳುವವರಿಗೆ ಇನ್ನೂ ನಾಲ್ಕು ಅಂಗಗಳು ಬೇಕು: ಒತ್ತಡ ಸಾಕಾದೊಡನೆ ಯಂತ್ರವನ್ನು ನಿಲ್ಲಿಸುವ ಸ್ವಿಚ್ಚು, ಗಾಳಿ ಹಿಂದಿರುಗದಂತೆ ತಡೆಯುವ ವಾಲ್ವು, ಆ ಸ್ವಿಚ್ಚು ಕೆಟ್ಟರೂ ಗಾಳಿಯನ್ನು ಹೊರಬಿಡುವ ರಕ್ಷಣೆಯ ವಾಲ್ವು, ತಳದಲ್ಲಿ ಸೇರುವ ನೀರನ್ನು ಬಿಡುವ ತಿರುಪು. ನೀರನ್ನು ಬಿಡದಿದ್ದರೆ ತೊಟ್ಟಿ ಒಳಗಿನಿಂದ ತುಕ್ಕುಹಿಡಿದು ತೆಳುವಾಗುತ್ತದೆ. ಹಣವುಳಿಸಲೆಂದು ಹಳೆಯ ಅನಿಲದ ಸಿಲಿಂಡರನ್ನೋ ಎಣ್ಣೆಯ ಡಬ್ಬವನ್ನೋ ಬೆಸೆದು ತೊಟ್ಟಿಯನ್ನಾಗಿ ಮಾಡುವುದು ಪ್ರಾಣಾಪಾಯಕರ. ಒತ್ತಡವನ್ನು ಪರೀಕ್ಷಿಸಿ ಮುದ್ರೆಯೊತ್ತಿದ ತೊಟ್ಟಿಯನ್ನೇ ಕೊಳ್ಳತಕ್ಕದ್ದು. ಕೆಲಸ ಮುಗಿದಮೇಲೆ ಕೀಲುಗಳಿಗೆಲ್ಲ ಸಾಬೂನಿನ ನೊರೆಯನ್ನು ಹಚ್ಚಿ ನೋಡಿರಿ. ಗುಳ್ಳೆಯೆದ್ದ ಕಡೆ ಗಾಳಿ ಸೋರುತ್ತಿದೆಯೆಂದು ತಿಳಿಯಬಹುದು.

ಯಂತ್ರ ಜೊತೆಗಿದೆಯೆಂದು ಕಾಡಿಗೆ ಸಲಿಗೆಯಿಂದ ನುಗ್ಗಬಾರದು. ವನ್ಯಧಾಮದಲ್ಲಿ ಅನುಮತಿಯಿಲ್ಲದೆ ರಸ್ತೆಯನ್ನು ಬಿಟ್ಟು ಹೋಗುವುದು ಅಪರಾಧ. ಆನೆಗಳು ತಿರುಗುವ ದಾರಿಯಲ್ಲಿ ಇಳಿದು ಗಾಳಿ ತುಂಬುತ್ತ ಕುಳಿತಿರುವುದು ಅವಿವೇಕ. ಇಳಿಸುವ ಕೆಲಸವನ್ನೂ ತುಂಬುವ ಕೆಲಸವನ್ನೂ ಊರಿನ ಬಳಿ ಜನರಿರುವೆಡೆಯಲ್ಲಿಯೇ ಮುಗಿಸಿಕೊಳ್ಳಬೇಕು.

ಹೊರಡುವ ಹಿಂದಿನ ದಿನ ಮನೆಯ ಅಂಗಳದಲ್ಲಿಯೇ ಒಂದು ಟೈರನ್ನು ಇಳಿಸಿ, ಮತ್ತೆ ತುಂಬಿ, ಗೇಜಿನಿಂದ ಅಳೆದು ನೋಡಿರಿ. ಕಾಲಿನಿಂದ ಒತ್ತುವ ಹಳೆಯ ಪಂಪೊಂದು ಹಿಂದುಗಡೆ ಬಿದ್ದಿರಲಿ. ಯಂತ್ರಕ್ಕೆ ಮುನಿಸು ಬಂದರೆ ಕಾಲಿಗೆ ಬರಲಾರದಷ್ಟೆ.