ಮೊದಲ ಸಿಎನ್‌ಸಿ ಮಷಿನ್: ಮೊದಲು ಗಟ್ಟಿತನ, ಆಮೇಲೆ ಅಗಲ

ಮನೆಯ ವರ್ಕ್‌ಶಾಪಿಗೆಂದು ಚಿಕ್ಕ ಸಿಎನ್‌ಸಿ ಮಿಲ್ಲಿಂಗ್ ಮಷಿನ್ ಕೊಳ್ಳಲು ಹೊರಟವರಿಗೆ ಆನ್‌ಲೈನ್ ಮಳಿಗೆಗಳಲ್ಲಿ ಮೊದಲು ಕಣ್ಣಿಗೆ ಬೀಳುವ ಹೆಸರು 3018. ಅದು 300 ಮಿ.ಮೀ. ಉದ್ದ, 180 ಮಿ.ಮೀ. ಅಗಲದ ಜಾಗದಲ್ಲಿ ಕೆಲಸ ಮಾಡುತ್ತದೆ ಎಂಬುದಷ್ಟೇ ಆ ಅಂಕಿಯ ಅರ್ಥ. ಇನ್ನೂ ದೊಡ್ಡದು ಬೇಕೆಂದರೆ 6040, 6090 ಎಂದು ಅಂಕಿ ಬೆಳೆಯುತ್ತದೆ, ಅದರ ಜೊತೆಗೆ ಬೆಲೆಯೂ. ಮಾರುಕಟ್ಟೆಯೇ ಯಂತ್ರವನ್ನು ಅದರ ಹಾಸಿನ ಅಳತೆಯಿಂದ ಕರೆಯುವಾಗ ಕೊಳ್ಳುವವರೂ ಹಾಗೆಯೇ ಲೆಕ್ಕ ಹಾಕುತ್ತಾರೆ: ಕೈಯಲ್ಲಿರುವ ದುಡ್ಡಿಗೆ ಎಷ್ಟು ದೊಡ್ಡ ಹಾಸು ಸಿಕ್ಕೀತು? ಲೋಹದಲ್ಲಿ ಕೆಲಸ ಮಾಡುವ ಆಸೆಯಿರುವವರು ಈ ಲೆಕ್ಕವನ್ನು ಬಿಡಬೇಕು ಎಂಬುದು ನನ್ನ ವಾದ. ಅದೇ ದುಡ್ಡಿಗೆ ಎಷ್ಟು ಗಟ್ಟಿಯಾದ, ಎಷ್ಟು ಭಾರದ ಯಂತ್ರ ಸಿಗುತ್ತದೆ ಎಂದು ಕೇಳಬೇಕು. ಹಾಸು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿದ್ದರೆ ಮೊದಲ ಯಂತ್ರಕ್ಕೆ ಸಾಕು.

ಕಾರಣ ಲೋಹ ಕತ್ತರಿಸುವ ಕ್ರಿಯೆಯಲ್ಲೇ ಇದೆ. 6 ಮಿ.ಮೀ. ವ್ಯಾಸದ ಎಂಡ್ ಮಿಲ್ ಎಂಬ ಕತ್ತರಿಸುವ ಟೂಲ್ ಅಲ್ಯೂಮಿನಿಯಂ ತುಂಡಿನ ಮೇಲೆ ಓಡುವಾಗ ಅದರ ಒಂದೊಂದು ಹಲ್ಲೂ ಪ್ರತಿ ಸುತ್ತಿಗೆ ಕೀಳುವ ಚೂರಿನ ದಪ್ಪ ಸುಮಾರು 0.03 ಮಿ.ಮೀ., ಹೆಚ್ಚುಕಡಿಮೆ ತಲೆಕೂದಲಿನ ಅರ್ಧದಷ್ಟು. ಎರಡು ಕಂಬಗಳ ನಡುವಿನ ತೊಲೆಗೆ ಸ್ಪಿಂಡಲ್ ಕೂರಿಸಿದ ಅಗ್ಗದ ಗ್ಯಾಂಟ್ರಿ ಮಷಿನ್ನಿನ ಹಾಸಿನ ಮೇಲೆ ಒಂದು ಡಯಲ್ ಗೇಜ್ ಕೂರಿಸಿ, ಅದರ ಮೊನೆಯನ್ನು ಸ್ಪಿಂಡಲ್ಲಿನ ಕೆಳತುದಿಗೆ ತಾಗಿಸಿ, ಮುಳ್ಳನ್ನು ಸೊನ್ನೆಗೆ ತಂದು, ಸ್ಪಿಂಡಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮುಳ್ಳು ಹತ್ತು ಗೆರೆ, ಅಂದರೆ 0.1 ಮಿ.ಮೀ. ಸರಿಯುವುದು ಅಪರೂಪವೇನಲ್ಲ. ಅಲ್ಯೂಮಿನಿಯಂ ಕತ್ತರಿಸುವಾಗ ಹುಟ್ಟುವ ಬಲ ಸುಲಭವಾಗಿ ಹೆಬ್ಬೆರಳಿನ ಒತ್ತಡದಷ್ಟಾಗುತ್ತದೆ. ತೆಗೆಯಬೇಕಾದ ಚೂರು 0.03, ಚೌಕಟ್ಟು ಬಾಗುವುದು 0.1. ಹಲ್ಲು ಲೋಹವನ್ನು ಕಚ್ಚುವ ಬದಲು ಚೌಕಟ್ಟೇ ಹಿಂದಕ್ಕೆ ಸರಿದುಕೊಳ್ಳುತ್ತದೆ. ಟೂಲ್ ಕತ್ತರಿಸದೆ ಉಜ್ಜುತ್ತದೆ, ಬಿಸಿಯಾಗುತ್ತದೆ, ಮೆತ್ತಗಾದ ಅಲ್ಯೂಮಿನಿಯಂ ಹಲ್ಲುಗಳ ಸಂದಿಗೆ ಮೆತ್ತಿಕೊಳ್ಳುತ್ತದೆ. ಬಾಗಿದ ಚೌಕಟ್ಟು ತಟ್ಟನೆ ಮರಳಿದಾಗ ಅದೇ ಹಲ್ಲು ಬೇಕಿದ್ದಕ್ಕಿಂತ ಎಷ್ಟೋ ಪಟ್ಟು ಆಳಕ್ಕೆ ನುಗ್ಗುತ್ತದೆ. ಕಿರ್ರೆನ್ನುವ ಸದ್ದು, ಕೆಲಸದ ಮೈಮೇಲೆ ಅಲೆಯಲೆಯಾದ ಗುರುತು, ಕೊನೆಗೆ ಮುರಿದ ಟೂಲ್.

ಹಾಸು ದೊಡ್ಡದಾದಷ್ಟೂ ಇದು ಹದಗೆಡುತ್ತದೆ, ಅದೂ ನಾವು ಅಂದಾಜು ಮಾಡುವುದಕ್ಕಿಂತ ಬಹಳ ಬೇಗ. ಎರಡು ಕಂಬಗಳ ನಡುವಿನ ತೊಲೆ ಎಷ್ಟು ಬಾಗುತ್ತದೆ ಎಂಬುದು ಅದರ ಉದ್ದದ ಘನಕ್ಕೆ ಅನುಗುಣ. 300 ಮಿ.ಮೀ. ತೊಲೆಯನ್ನು ಅದೇ ದಪ್ಪದಲ್ಲಿ 600 ಮಿ.ಮೀ.ಗೆ ಎಳೆದರೆ ಬಾಗುವುದು ಎರಡು ಪಟ್ಟಲ್ಲ, ಎಂಟು ಪಟ್ಟು. ದೊಡ್ಡ ಹಾಸನ್ನು ಕಡಿಮೆ ಬೆಲೆಗೆ ಕೊಡುವ ತಯಾರಕರು ಉಳಿತಾಯ ಮಾಡುವುದು ಹೆಚ್ಚಾಗಿ ಈ ತೊಲೆಯ ದಪ್ಪದಲ್ಲೇ. ಇದರ ಮೇಲೆ ಕ್ಯಾಟಲಾಗಿನಲ್ಲಿ 0.002 ಮಿ.ಮೀ. ರೆಸಲ್ಯೂಷನ್ ಎಂಬ ಸಾಲು ಬೇರೆ. ಅದು ಹುಟ್ಟುವ ಬಗೆ ಸರಳ: ಸುತ್ತಿಗೆ 200 ಹೆಜ್ಜೆಯ ಸ್ಟೆಪ್ಪರ್ ಮೋಟಾರು, ಒಂದೊಂದು ಹೆಜ್ಜೆಯನ್ನು 16 ಪಾಲು ಮಾಡುವ ಡ್ರೈವರ್, ಸುತ್ತಿಗೆ 5 ಮಿ.ಮೀ. ಸರಿಸುವ ಸ್ಕ್ರೂ. ಐದನ್ನು 3,200ರಿಂದ ಭಾಗಿಸಿದರೆ 0.0016 ಬರುತ್ತದೆ. ಇದು ಕಾಗದದ ಮೇಲಿನ ಭಾಗಾಕಾರ. ಸ್ಕ್ರೂ ಮತ್ತು ನಟ್ಟಿನ ನಡುವಿನ ಪ್ಲೇ, ಅಂದರೆ ಸಡಿಲ, ಚೌಕಟ್ಟಿನ ಬಾಗು ಯಾವುದೂ ಆ ಅಂಕಿಯಲ್ಲಿ ಸೇರಿಲ್ಲ. ತಂತ್ರಜ್ಞಾನದಲ್ಲಿ ಪಳಗದ ಗಿರಾಕಿಯ ಮುಂದೆ ಇಂಥ ಅಂಕಿಯನ್ನು ನಿಖರತೆ ಎಂಬಂತೆ ಇಡುವುದು ಅನ್ಯಾಯ.

ಸಿಎನ್‌ಸಿ ತಂತ್ರಜ್ಞಾನ ಹುಟ್ಟಿದ ಬಗೆಯೂ ಗಟ್ಟಿತನವೇ ಮೊದಲು ಎಂದು ಹೇಳುತ್ತದೆ. ಹೆಲಿಕಾಪ್ಟರ್ ರೆಕ್ಕೆಗಳ ಆಕಾರವನ್ನು ಕರಾರುವಾಕ್ಕಾಗಿ ಪಡೆಯುವ ದಾರಿ ಹುಡುಕುತ್ತಿದ್ದ ಜಾನ್ ಪಾರ್ಸನ್ಸ್ ಅವರ ಆಲೋಚನೆ ಅಮೆರಿಕದ ವಾಯುಪಡೆಯ ಹಣದಲ್ಲಿ ಎಂಐಟಿಯ ಪ್ರಯೋಗಾಲಯ ಸೇರಿತು. 1952ರಲ್ಲಿ ಅಲ್ಲಿ ಪ್ರದರ್ಶನಗೊಂಡ ಮೊದಲ ಸಂಖ್ಯಾ ನಿಯಂತ್ರಿತ ಯಂತ್ರ ಹೊಸದಾಗಿ ಕಟ್ಟಿದ್ದೇನಲ್ಲ. ಆಗಲೇ ಬಳಕೆಯಲ್ಲಿದ್ದ ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಎಂಬ ಭಾರಿ ಮಿಲ್ಲಿಂಗ್ ಮಷಿನ್ನಿಗೆ ನಿಯಂತ್ರಣವನ್ನು ಜೋಡಿಸಿದ್ದರು. ಗಟ್ಟಿಯಾದ ಯಂತ್ರ ಮೊದಲಿತ್ತು, ಮಿದುಳು ಆಮೇಲೆ ಬಂತು. ಇಂದು ಮಿದುಳು ಅಗ್ಗವಾಗಿದೆ. 2009ರಲ್ಲಿ ಶುರುವಾದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಸಾಮಾನ್ಯ ಆರ್ಡುಯಿನೋ ಬೋರ್ಡಿನ ಮೇಲೆ ಮೂರು ಅಕ್ಷಗಳನ್ನು ಚೆನ್ನಾಗಿ ಓಡಿಸುತ್ತದೆ. ಅಗ್ಗವಾಗದೆ ಉಳಿದಿರುವುದು ಬೀಡು ಕಬ್ಬಿಣ, ಉಜ್ಜಿ ಸಮ ಮಾಡಿದ ರೇಲು, ಒಳ್ಳೆಯ ಬೇರಿಂಗು. ದುಡ್ಡು ಸುರಿಯಬೇಕಾದುದು ಅಲ್ಲಿ.

ಸ್ಪಿಂಡಲ್ ವೇಗದ ಮಾತೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಗ್ಯಾಂಟ್ರಿ ಮಷಿನ್ನುಗಳಲ್ಲಿ ಮರಗೆಲಸದ ಚಿಕ್ಕ ರೂಟರನ್ನೇ ಸ್ಪಿಂಡಲ್ಲಾಗಿ ಕೂರಿಸುವುದು ವಾಡಿಕೆ. ಅಂಥ ರೂಟರುಗಳ ಕನಿಷ್ಠ ವೇಗವೇ ಸಾಮಾನ್ಯವಾಗಿ 10,000 ಆರ್‌ಪಿಎಂ ಆಸುಪಾಸು. ಆ ವೇಗದಲ್ಲಿ 6 ಮಿ.ಮೀ. ಟೂಲಿನ ಅಂಚು ನಿಮಿಷಕ್ಕೆ ಸುಮಾರು 188 ಮೀಟರ್ ಓಡುತ್ತದೆ. ಮರಕ್ಕೂ ಅಲ್ಯೂಮಿನಿಯಂಗೂ ಅಡ್ಡಿಯಿಲ್ಲ. ಆದರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಿಂದ ಎಂಎಸ್, ಅಂದರೆ ಸಾಧಾರಣ ಉಕ್ಕನ್ನು ಕತ್ತರಿಸಲು ನಿಮಿಷಕ್ಕೆ 25ರಿಂದ 30 ಮೀಟರ್ ಮೀರಬಾರದು. ಅದೇ ಟೂಲಿಗೆ ಅದು ಸುಮಾರು 1,600 ಆರ್‌ಪಿಎಂ. ರೂಟರಿನ ವೇಗಕ್ಕೆ ಸಿಕ್ಕಿದ ಟೂಲ್ ನೀಲಿಗಟ್ಟಿ ಮೊಂಡಾಗುತ್ತದೆ. ಕಾರ್ಬೈಡ್ ಟೂಲ್ ಹೆಚ್ಚು ವೇಗ ತಾಳುತ್ತದಲ್ಲ ಎಂದರೆ, ತಾಳುತ್ತದೆ, ನಿಜ. ಆದರೆ ಕಾರ್ಬೈಡ್ ಪೆಡಸು, ಅಲುಗಾಟವನ್ನು ತಾಳದೆ ಅಂಚು ಒಡೆದುಕೊಳ್ಳುತ್ತದೆ. ಆದ್ದರಿಂದ ಉಕ್ಕಿನ ಕೆಲಸ ಬೇಕೆನ್ನುವವರು ಬೀಡಿನ ಕಂಬವಿರುವ, ನಿಧಾನ ವೇಗದಲ್ಲೂ ಬಲ ಕುಗ್ಗದ ಬೆಂಚ್ ಮಿಲ್ಲನ್ನೇ ನೋಡಬೇಕು.

ಮೊದಲು 3018 ಕೊಂಡು ಕಲಿತು, ಆಮೇಲೆ ದೊಡ್ಡದಕ್ಕೆ ಹೋದರಾಯಿತು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದರಲ್ಲಿ ತಿರುಳಿದೆ. ಚಿತ್ರ ಬರೆಯುವುದು, ಜಿ-ಕೋಡ್ ತೆಗೆಯುವುದು, ಕೆಲಸದ ಸೊನ್ನೆ ಹಿಡಿಯುವುದು ಎಲ್ಲವನ್ನೂ ಅದರಲ್ಲಿ ಕಲಿಯಬಹುದು. ಮರದ ಫಲಕ, ಅಕ್ರಿಲಿಕ್, ಸರ್ಕ್ಯೂಟ್ ಬೋರ್ಡ್ ಇಷ್ಟೇ ಸಾಕೆನ್ನುವವರಿಗೆ ಅದು ಸರಿಯಾದ ಆಯ್ಕೆಯೇ, ನನ್ನ ತಕರಾರಿಲ್ಲ. ಲೋಹಕ್ಕೆ ಇಳಿದಾಗ ಮಾತು ಬೇರೆ. ಕೆಲಸ ಕೆಟ್ಟಾಗ ತಪ್ಪು ಫೀಡಿನದೋ (ಟೂಲ್ ಮುಂದೆ ಸಾಗುವ ವೇಗ), ಟೂಲಿನದೋ, ಹಿಡಿತದ್ದೋ, ಯಂತ್ರದ್ದೋ ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಬಾಗುವ ಯಂತ್ರದಲ್ಲಿ ಸರಿಯಾದ ಫೀಡ್ ಕೊಟ್ಟರೂ ಫಲಿತಾಂಶ ಕೆಡುತ್ತದೆ. ಆಗ ಕಲಿಯುವವರು ಫೀಡನ್ನು ಇಳಿಸುತ್ತಾರೆ, ಟೂಲ್ ಇನ್ನಷ್ಟು ಉಜ್ಜುತ್ತದೆ, ತಪ್ಪೇ ಪಾಠವಾಗಿ ಕೂತುಬಿಡುತ್ತದೆ. ನನಗೆ ಹೆಚ್ಚು ಕಳವಳ ಇದರ ಬಗ್ಗೆಯೇ. ಹೀಗೆ ಬೇಸತ್ತವರು ತಮಗೆ ಈ ವಿದ್ಯೆ ಹತ್ತುವುದಿಲ್ಲ ಎಂದುಕೊಂಡು ಕೈಬಿಡುತ್ತಾರೆ.

ಇನ್ನೊಂದು ಆಕ್ಷೇಪ ಹಾಸಿನದೇ. ಮುಂದೆ ದೊಡ್ಡ ಕೆಲಸ ಬಂದರೆ? ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿಯಂಥ ಊರುಗಳ ಸುತ್ತಮುತ್ತ ಇರುವವರು ಈ ಚಿಂತೆ ಬಿಡಬಹುದು. ಬೆಂಗಳೂರಿನ ಪೀಣ್ಯದಲ್ಲಿ ಜಾಬ್ ವರ್ಕ್ ಮಾಡಿಕೊಡುವ ಶೆಡ್ಡುಗಳಿಗೆ ಬರವಿಲ್ಲ. ವರ್ಷಕ್ಕೊಮ್ಮೆ ಬರುವ ಅರ್ಧ ಮೀಟರಿನ ಪ್ಲೇಟನ್ನು ಅಲ್ಲಿ ಕೊಟ್ಟು ಮಾಡಿಸಿಕೊಳ್ಳುವುದೇ ಲಾಭ. ಹಾಗಾದರೆ ಎಲ್ಲವನ್ನೂ ಅಲ್ಲೇ ಮಾಡಿಸಬಾರದೇಕೆ ಎಂದು ಕೇಳಬಹುದು. ಒಂದೇ ಒಂದು ಚಿಕ್ಕ ಬ್ರ್ಯಾಕೆಟ್ಟಿಗೆ ಸೆಟ್ಟಿಂಗ್ ಚಾರ್ಜ್ ಕೊಡುವುದು, ಮರುದಿನ ಅದರ ತೂತನ್ನು 2 ಮಿ.ಮೀ. ಸರಿಸಬೇಕೆನಿಸಿದರೆ ಮತ್ತೆ ಕೊಡುವುದು ಯಾರಿಗೂ ಪೂರೈಸುವುದಿಲ್ಲ. ಮನೆಯ ಯಂತ್ರ ಇರಬೇಕಾದುದು ಇಂಥ ಚಿಕ್ಕ, ಮತ್ತೆ ಮತ್ತೆ ತಿದ್ದುವ ಕೆಲಸಕ್ಕೆ. ಹಳೆಯ ಭಾರಿ ಯಂತ್ರ ಕೊಳ್ಳಿ ಎನ್ನುವವರೂ ಇದ್ದಾರೆ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಎಫ್‌ಎನ್2 ಮಿಲ್ಲಿಂಗ್ ಮಷಿನ್ನಿನ ಗಟ್ಟಿತನಕ್ಕೆ ಎದುರಿಲ್ಲ. ಆದರೆ ಅದನ್ನು ಇಳಿಸಲು ಕ್ರೇನ್ ಬೇಕು, ಓಡಿಸಲು ತ್ರೀ ಫೇಸ್ ಬೇಕು, ಕೆಳಗೆ ಗಟ್ಟಿ ಕಾಂಕ್ರೀಟ್ ನೆಲ ಬೇಕು. ಇವು ಮೂರೂ ಇದ್ದವರು ಧಾರಾಳವಾಗಿ ಕೊಳ್ಳಲಿ. ಮಹಡಿ ಮನೆಯವರಿಗೆ ಆ ದಾರಿಯಿಲ್ಲ. ವಾಸದ ಕೋಣೆಯ ನೆಲವನ್ನು ವಿನ್ಯಾಸ ಮಾಡುವುದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ. 60ರಿಂದ 150 ಕಿಲೋ ತೂಗುವ ಬೆಂಚ್ ಮಿಲ್ ಆ ಮಿತಿಯೊಳಗೆ, ಗೋಡೆಯ ಬದಿಗೆ ಕೂರುತ್ತದೆ.

ಇರುವ ದುಡ್ಡನ್ನೆಲ್ಲ ಯಂತ್ರಕ್ಕೇ ಸುರಿಯಬಾರದು. ಕಾಲು ಭಾಗವನ್ನಾದರೂ ಎತ್ತಿಡಬೇಕು. ಒಳ್ಳೆಯ ವೈಸ್, ಟೂಲ್ ಹಿಡಿಯುವ ಇಆರ್ ಕಾಲೆಟ್ಟುಗಳು, ಡಯಲ್ ಗೇಜ್, ನಾಲ್ಕಾರು ಎಂಡ್ ಮಿಲ್, ಚೂರು ಹಾರದಂತೆ ತಡೆಯುವ ಪೆಟ್ಟಿಗೆ, ಕೈಗೆಟುಕುವ ಕಡೆ ಎಮರ್ಜೆನ್ಸಿ ಸ್ವಿಚ್ಚು ಇಲ್ಲದೆ ಯಾವ ಮಷಿನ್ನೂ ಕೆಲಸಕ್ಕೆ ಬಾರದು. ತಂತ್ರಾಂಶಕ್ಕೆ ಖರ್ಚು ಬೇಕಿಲ್ಲ, 2024ರ ನವೆಂಬರಿನಲ್ಲಿ 1.0 ಆವೃತ್ತಿಗೆ ಬಂದ ಫ್ರೀಕ್ಯಾಡ್ ಉಚಿತ. ಮೋಟಾರು ನೀಮಾ 23ರಂಥ ಪ್ರಮಾಣಿತ ಅಳತೆಯದೇ, ಡ್ರೈವರ್, ಬೋರ್ಡುಗಳೂ ಪ್ರಮಾಣಿತ ಬಗೆಯವೇ ಎಂದು ಕೇಳಿ ತಿಳಿಯಬೇಕು. ಹಾಗಿದ್ದರೆ ಕೆಟ್ಟುಹೋದ ಭಾಗ ಬೆಂಗಳೂರಿನ ಎಸ್‌ಪಿ ರೋಡಿನಂಥ ಜಾಗದಲ್ಲಿ ಸಿಗುತ್ತದೆ.

ಕೊಳ್ಳುವ ಮುನ್ನ ಮಾರುವವರ ಮುಂದೆಯೇ ಒಂದು ಪರೀಕ್ಷೆ ಆಗಬೇಕು. ಅಲ್ಯೂಮಿನಿಯಂ ತುಂಡಿನಲ್ಲಿ 6 ಮಿ.ಮೀ. ಟೂಲಿನಿಂದ 50 ಮಿ.ಮೀ. ವ್ಯಾಸದ ಒಂದು ದುಂಡು ಬಿಲ್ಲೆ ಕತ್ತರಿಸಿ ತೋರಿಸಲು ಹೇಳಿ. ಬಿಲ್ಲೆಯ ಸುತ್ತ ನಾಲ್ಕು ಕಡೆ ಯಂತ್ರದ ಒಂದೊಂದು ಅಕ್ಷ ದಿಕ್ಕು ಬದಲಿಸುತ್ತದೆ. ಸ್ಕ್ರೂನಲ್ಲಿ ಪ್ಲೇ ಇದ್ದರೆ ಸರಿಯಾಗಿ ಆ ನಾಲ್ಕು ಜಾಗದಲ್ಲಿ ಉಗುರಿಗೆ ಸಿಗುವಂಥ ಚಿಕ್ಕ ಮೆಟ್ಟಿಲು ಕಾಣುತ್ತದೆ. ಆಮೇಲೆ ವರ್ನಿಯರ್ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಓರೆಯಾಗಿ ಎರಡು ದಿಕ್ಕಿನಲ್ಲಿ ಒಂದೊಂದು ಸಲ ಅಳೆಯಿರಿ. ಈ ನಾಲ್ಕು ಅಳತೆಗಳ ನಡುವೆ 0.05 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಪ್ಲೇ ತೆಗೆದು, ಅಕ್ಷಗಳನ್ನು ಮೂಲೆಮಟ್ಟಕ್ಕೆ ತಂದು, ಇನ್ನೊಮ್ಮೆ ಕತ್ತರಿಸಿ ತೋರಿಸಲಿ. ಅಲ್ಲಿಯವರೆಗೆ ಮುಂಗಡಕ್ಕಿಂತ ಹೆಚ್ಚು ಕೊಡುವ ಅಗತ್ಯವಿಲ್ಲ.