ತಗ್ಗು ದನಿಯ ನಾಲ್ಕು ತಂತಿಗಳು

ಮಕ್ಕಳ ಕೈಗೆ ಮೊದಲು ಯಾವ ವಾದ್ಯವನ್ನು ಕೊಡಬೇಕೆಂಬ ಪ್ರಶ್ನೆಗೆ ಇಂದು ಅನೇಕ ಮನೆಗಳಲ್ಲಿ ದೊರೆಯುವ ಉತ್ತರ ಗಿಟಾರ್. ಆದರೆ ಹತ್ತು ವರ್ಷದ ಮಗುವಿನ ತೋಳಿಗೆ ಅದರ ಒಡಲು ದೊಡ್ಡದು. ಉಕ್ಕಿನ ತಂತಿಗಳು ಎಳೆಯ ಬೆರಳುಗಳನ್ನು ನೋಯಿಸುತ್ತವೆ. ಆರು ತಂತಿಗಳನ್ನು ನಿಭಾಯಿಸಲು ಕಲಿಯುವಷ್ಟರಲ್ಲಿ ಮೊದಲಿನ ಉತ್ಸಾಹ ಇಂಗಿಹೋಗುವುದುಂಟು. ಅಂಗಡಿಗಳಲ್ಲಿ ಆಟಿಕೆಯಂತೆ ತೂಗುವ ಪುಟ್ಟ ಉಕುಲೇಲೆ ಕಲಿಯಲು ಸುಲಭವಾದರೂ ಅದರ ನಾದ ತೆಳುವಾದುದು. ಇವೆರಡರ ನಡುವೆ ಹೆಚ್ಚು ಜನರ ಕಣ್ಣಿಗೆ ಬೀಳದ ವಾದ್ಯವೊಂದಿದೆ. ಅದೇ ಬ್ಯಾರಿಟೋನ್ ಉಕುಲೇಲೆ.

ಉಕುಲೇಲೆಯ ಮೂಲ ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದ ಪುಟ್ಟ ತಂತಿವಾದ್ಯ. 1879ರ ಆಗಸ್ಟಿನಲ್ಲಿ ಕಬ್ಬಿನ ತೋಟದ ಕೂಲಿಗಾಗಿ ಮದೀರಾದಿಂದ ಹೊರಟ ಜನರನ್ನು ಹೊತ್ತು 'ರೇವನ್ಸ್‌ಕ್ರ್ಯಾಗ್' ಹಡಗು ಹವಾಯಿಯ ಹೊನೊಲುಲು ಬಂದರನ್ನು ಮುಟ್ಟಿತು. ಅದರಲ್ಲಿ ಬಂದ ಮ್ಯಾನುಯೆಲ್ ನೂನೆಸ್, ಅಗುಸ್ತೋ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸಗಾರರು ಮುಂದೆ ಅಲ್ಲಿಯೇ ವಾದ್ಯ ತಯಾರಿಕೆಗೆ ತೊಡಗಿದರು. ದೊರೆ ಕಲಾಕೌವ ಅದನ್ನು ಅರಮನೆಯ ಸಂಗೀತಕ್ಕೆ ಬರಮಾಡಿಕೊಂಡನು. 'ಜಿಗಿಯುವ ಚಿಗಟ' ಎಂಬುದು ಹೆಸರಿನ ಪ್ರಚಲಿತ ಅರ್ಥ. ರಾಣಿ ಲಿಲಿಉಒಕಲಾನಿಯಾದರೋ ಅದನ್ನು 'ಇಲ್ಲಿಗೆ ಬಂದ ಕೊಡುಗೆ' ಎಂದು ಅರ್ಥೈಸಿದಳು. ಈ ಕುಟುಂಬದ ಕಿರಿಯ ಸದಸ್ಯನಾದ ಬ್ಯಾರಿಟೋನ್ ರೂಪುಗೊಂಡದ್ದು 1940ರ ದಶಕದ ಕೊನೆಯಲ್ಲಿ, ಅಮೆರಿಕದ ಮುಖ್ಯಭೂಮಿಯಲ್ಲಿ. ರೇಡಿಯೋ ಮತ್ತು ಟೆಲಿವಿಷನ್ ಕಲಾವಿದ ಆರ್ಥರ್ ಗಾಡ್ಫ್ರೆ ಅದನ್ನು ಜನಪ್ರಿಯಗೊಳಿಸಿದನು.

ಹುಟ್ಟಿನಲ್ಲಿ ಕಿರಿಯನಾದರೂ ಗಾತ್ರದಲ್ಲಿ ಇದು ಹಿರಿಯ. ಪುಟ್ಟ ಸೊಪ್ರಾನೊದಲ್ಲಿ ತಂತಿಯ ಮಿಡಿಯುವ ಉದ್ದ ಸುಮಾರು 13 ಅಂಗುಲವಾದರೆ ಇದರಲ್ಲಿ 19ರಿಂದ 20 ಅಂಗುಲ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಶ್ರುತಿಯೇ ಇದರದೂ: ಡಿ, ಜಿ, ಬಿ, ಇ. ಆದುದರಿಂದ ಇದರಲ್ಲಿ ಕಲಿತ ಬೆರಳಿನ ವಿನ್ಯಾಸ ಮುಂದೆ ಗಿಟಾರಿಗೆ ಹೋದಾಗ ವ್ಯರ್ಥವಾಗುವುದಿಲ್ಲ. ಗಿಟಾರಿನಲ್ಲಿ ಸಾಮಾನ್ಯವಾಗಿ ಮೂರು ಬೆರಳು ಬೇಡುವ ಜಿ ಸ್ವರಮೇಳ ಇಲ್ಲಿ ಒಂದೇ ಬೆರಳಿಗೆ ಒದಗುತ್ತದೆ. ತಂತಿಗಳು ಹೆಚ್ಚಾಗಿ ನೈಲಾನಿನವಾದ್ದರಿಂದ ನೋವೂ ಕಡಿಮೆ.

ನಮ್ಮ ಸ್ವರಗಳ ಲೆಕ್ಕದಲ್ಲಿ ನೋಡಿದರೆ ಈ ಶ್ರುತಿ ಇನ್ನಷ್ಟು ಆಪ್ತವಾಗುತ್ತದೆ. ಹಾರ್ಮೋನಿಯಂನ 'ಬಿಳಿ ಐದು', ಅಂದರೆ ಜಿ ತಂತಿಯನ್ನು ಷಡ್ಜವೆಂದುಕೊಂಡರೆ, ನಾಲ್ಕು ತಂತಿಗಳೂ ಕ್ರಮವಾಗಿ ಮಂದ್ರ ಪಂಚಮ, ಷಡ್ಜ, ಅಂತರ ಗಾಂಧಾರ, ಚತುಶ್ರುತಿ ಧೈವತ. ನಾಲ್ಕೂ ಮೋಹನ ರಾಗದ ಸ್ವರಗಳು. ರಿಷಭವೊಂದನ್ನು ಒತ್ತಿ ಪಡೆದರೆ ರಾಗ ಪೂರ್ಣ. ಹಿಂದುಸ್ತಾನಿಯಲ್ಲಿ ಇವೇ ಭೂಪದ ಸ್ವರಗಳು. ಪುಟ್ಟ ಉಕುಲೇಲೆಯ ವಾಡಿಕೆಯ ಶ್ರುತಿಯಲ್ಲಿ ಪಂಚಮ ಮೇಲಿನ ಸ್ಥಾಯಿಯದು. ಇಲ್ಲಿ ಅದು ಕೆಳಗಿಳಿದು ಹಾಡಿಗೆ ತಳಪಾಯವಾಗುತ್ತದೆ. ಹಾಡುವವರ ಕಂಠವನ್ನು ಮುಚ್ಚದೆ ಅದರ ಕೆಳಗೆ ಚಾಪೆ ಹಾಸಿದಂತೆ ನಿಲ್ಲುವುದೇ ಈ ವಾದ್ಯದ ಆಕರ್ಷಣೆ.

ಇತಿಮಿತಿಗಳೂ ಇವೆ. ವೀಣೆಯಂತೆ ತಂತಿಯನ್ನೆಳೆದು ಗಮಕ ನುಡಿಸಲು ಇದು ತಕ್ಕುದಲ್ಲ. ಶಾಸ್ತ್ರೀಯ ಪಾಠಕ್ಕೆ ಬದಲಿಯೂ ಅಲ್ಲ. ಪುಟ್ಟ ಉಕುಲೇಲೆಗಾಗಿ ಬರೆದ ಪಾಠಪುಸ್ತಕಗಳಲ್ಲಿ ಸ್ವರಮೇಳಗಳ ಹೆಸರು ಬೇರೆಯಾಗಿರುವುದರಿಂದ, ಕೊಳ್ಳುವಾಗಲೇ ಬ್ಯಾರಿಟೋನಿನ ಪುಸ್ತಕವನ್ನು ಕೇಳಿ ಪಡೆಯುವುದು ಲೇಸು.

ಹವಾಯಿಯ ಕಥೆಯಲ್ಲಿ ಗಡಿಯಾಚೆಯ ಕನ್ನಡ ಶಾಲೆಗಳ ಕುಟುಂಬಗಳು ಗಮನಿಸಬೇಕಾದ ಸಂಗತಿ ಮತ್ತೊಂದಿದೆ. 1893ರಲ್ಲಿ ಅಲ್ಲಿನ ರಾಜ್ಯ ಉರುಳಿತು. 1896ರ ಕಾನೂನು ಇಂಗ್ಲಿಷನ್ನು ಶಾಲೆಗಳ ಬೋಧನಾ ಮಾಧ್ಯಮವಾಗಿಸಿತು. ಹವಾಯಿ ಭಾಷೆಯ ಶಾಲೆಗಳು ಮುಚ್ಚಿದವು. ತರಗತಿಯಿಂದ ಹೊರಬಿದ್ದ ನುಡಿ ಹಾಡುಗಳಲ್ಲಿ, ಉಕುಲೇಲೆಯ ಜೊತೆಗೆ ಉಸಿರಾಡುತ್ತಲಿತ್ತು. ಆದರೆ ಹಾಡನ್ನು ಬಲ್ಲ ಮೊಮ್ಮಕ್ಕಳಲ್ಲಿ ಅದನ್ನು ಆಡಬಲ್ಲವರು ವಿರಳವಾದರು. 1978ರಲ್ಲಿ ಹವಾಯಿ ಭಾಷೆಗೆ ಅಧಿಕೃತ ಸ್ಥಾನ ದೊರೆಯಿತು. 1984ರಲ್ಲಿ 'ಪೂನನ ಲಿಯೊ' ಎಂಬ ಶಿಶುವಿಹಾರ, 1987ರಲ್ಲಿ ಸರಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮದ ತರಗತಿಗಳು ಆರಂಭವಾದ ಮೇಲೆಯೇ ಮಕ್ಕಳ ಬಾಯಲ್ಲಿ ಆ ಮಾತು ಮರಳಿ ಕೇಳಿಸತೊಡಗಿತು.

ಹಾಡು ನುಡಿಯನ್ನು ಕಾಯ್ದಿಡಬಲ್ಲದು. ಬೆಳೆಸಲು ಶಾಲೆಯೇ ಬೇಕು. ಒಂದನ್ನು ನೆಚ್ಚಿ ಇನ್ನೊಂದನ್ನು ಬಿಡಲಾಗದು. ಸಂಜೆಯ ಹೊತ್ತು ಅಜ್ಜಿಯ ಜೋಗುಳಕ್ಕೆ, ಅಪ್ಪನ ಭಾವಗೀತೆಗೆ ಮಗುವೊಂದು ನಾಲ್ಕು ತಂತಿಗಳನ್ನು ಮೀಟಿದರೆ ಮನೆ ತನ್ನ ಪಾಲಿನ ಕೆಲಸ ಮಾಡಿದಂತಾಗುತ್ತದೆ. ಮರುದಿನ ಬೆಳಿಗ್ಗೆ ಅದೇ ಮಗು ಕನ್ನಡ ತರಗತಿಯಲ್ಲಿ ಕುಳಿತಾಗ ಆ ಕೆಲಸ ಪೂರ್ಣವಾಗುತ್ತದೆ.